ಗೃಹವಿಚಾರ: ನಾಣ್ಯಗಳ ಛಾಯಾಚಿತ್ರವನ್ನು ಮನೆಯಲ್ಲಿಯೇ ತೆಗೆಯುವ ಬಗೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೇವರ ಕೋಣೆಯ ಮರದ ಪೆಟ್ಟಿಗೆಯೊಳಗೆ ನಾಣ್ಯಗಳ ಒಂದು ಚಿಕ್ಕ ಗಂಟು ಇಲ್ಲದ ಮನೆ ಅಪರೂಪ. ದೀಪಾವಳಿಯ ಲಕ್ಷ್ಮೀಪೂಜೆಗೆ ಅದು ಹೊರಕ್ಕೆ ಬರುವುದು. ಹಾಲಿನಲ್ಲಿ ಮಿಂದು, ಅರಸಿನ ಕುಂಕುಮಗಳನ್ನು ಧರಿಸಿ, ಪೂಜೆ ತೀರಿದೊಡನೆ ಮತ್ತೆ ಒಳಸೇರುವುದು. ಗಂಟಿನಲ್ಲಿ ಏನೇನು ಇದೆಯೆಂಬುದನ್ನು ಮನೆಯ ಹಿರಿಯಾಕೆಯೊಬ್ಬಳು ಬಲ್ಲಳು. ಆಕೆಯ ತರುವಾಯ ಯಾರೂ ಅರಿಯರು. ಮನೆ ಪಾಲಾಗುವ ದಿನ ಬೆಳ್ಳಿಯ ರೂಪಾಯಿಗಳನ್ನು ಎಣಿಸಿ ಹಂಚುವರು. ಚಿನ್ನದ ಬಿಲ್ಲೆಯನ್ನು ತೂಗಿ ಅಕ್ಕಸಾಲಿಗನ ಮೂಸೆಗೆ ಹಾಕುವರು. ತಾಮ್ರದ ಕಾಸುಗಳನ್ನು ಮಕ್ಕಳ ಆಟಕ್ಕೆ ಬಿಡುವರು. ಮುನ್ನೂರು ವರ್ಷಗಳ ಸಂಗ್ರಹವು ಮುಕ್ಕಾಲು ಗಂಟೆಯಲ್ಲಿ ಕರಗಿಹೋದುದನ್ನು ನಾವು ಕಂಡಿದ್ದೇವೆ.

ಇದನ್ನು ತಡೆಯುವ ಶಕ್ತಿ ನಮಗಿಲ್ಲ. ಪಾಲು ಕೇಳುವುದು ಹಕ್ಕುದಾರರ ಧರ್ಮ. ಆದರೆ ಹಂಚುವುದಕ್ಕೆ ಮೊದಲು ಆ ಗಂಟಿನ ಪ್ರತಿಯೊಂದು ನಾಣ್ಯದ ಎರಡೂ ಮುಖಗಳ ಸ್ಪಷ್ಟವಾದ ಚಿತ್ರವನ್ನು ತೆಗೆದಿಟ್ಟುಕೊಂಡರೆ, ಲೋಹವು ಎಲ್ಲಿಗೇ ಹೋದರೂ ಮನೆಯ ಇತಿಹಾಸವು ಎಲ್ಲ ಪಾಲುಗಾರರಿಗೂ ಸಮನಾಗಿ ಉಳಿಯುವುದಷ್ಟೆ. ಇದಕ್ಕೆ ಈಗ ಪಟ್ಟಣದ ಛಾಯಾಗ್ರಾಹಕನು ಬೇಕಿಲ್ಲ. ಮನೆಯಲ್ಲಿರುವ ಮೊಬೈಲೇ ಸಾಕು. ಸಾಕೆಂದು ಹೇಳಿದ ಮಾತ್ರಕ್ಕೆ ಸುಲಭವೆಂದು ವಾಚಕರು ತಿಳಿಯಬಾರದು. ಗುರುತು ಹೇಳಿರೆಂದು ಕೇಳಿ ನಮಗೆ ಬರುವ ಚಿತ್ರಗಳಲ್ಲಿ ಬಹುಪಾಲಿನಲ್ಲಿ ಕಾಣುವುದು ಮೊಬೈಲಿನ ನೆರಳು, ಹಿಡಿದವರ ಹೆಬ್ಬೆರಳು, ನಡುವೆ ಬೆಳ್ಳಗೆ ಹೊಳೆಯುವ ಒಂದು ಚುಕ್ಕೆ.

ನಾವು ವಾಸಿಸುವ ಹಾಲಾಡಿಯ ಬದಿಯಲ್ಲಿ ಹರಿಯುವ ಹೊಳೆಗೆ ವಾರಾಹಿಯೆಂದು ಹೆಸರು. ಹಿಂದಿನ ಚಿನ್ನದ ನಾಣ್ಯಕ್ಕೆ ವರಹವೆಂದು ಹೆಸರು. ಇವೆರಡಕ್ಕೂ ನಂಟನ್ನು ಕಟ್ಟಿ ಕಥೆ ಹೇಳುವುದು ಸುಲಭ. ನಾವು ಆ ಗೊಡವೆಗೆ ಹೋಗುವುದಿಲ್ಲ. ಆದರೆ ಈ ಸೀಮೆಗೂ ನಾಣ್ಯಕ್ಕೂ ಹಳೆಯ ಸಂಬಂಧವಿರುವುದು ನಿಜ. ಇಲ್ಲಿಗೆ ದೂರವಲ್ಲದ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ಜೋಡಿ ಮೀನುಗಳ ಲಾಂಛನವನ್ನು ಒಂದು ಮುಖದಲ್ಲಿಯೂ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವನ್ನು ಇನ್ನೊಂದರಲ್ಲಿಯೂ ಹೊತ್ತ ಅವರ ನಾಣ್ಯಗಳನ್ನು ವಿದ್ವಾಂಸರು ಬಲ್ಲರು. ವಿಜಯನಗರದ ಕಾಲದ ಶಾಸನಗಳಲ್ಲಿ ಬಾರಕೂರು ಗದ್ಯಾಣದ ಹೆಸರು ಬರುವುದು. ಆಮೇಲೆ ಕೆಳದಿಯವರು, ಹೈದರನು, ಟೀಪುವು, ಕುಂಪಣಿಯವರು ಎಂದು ಒಬ್ಬೊಬ್ಬರ ನಾಣ್ಯವೂ ಈ ಘಟ್ಟದ ಕೆಳಗಿನ ಸಂತೆಗಳಲ್ಲಿ ಸಂಚರಿಸಿದೆ. ಆದುದರಿಂದ ನಮ್ಮ ಮನೆಗಳ ಗಂಟಿನಲ್ಲಿ ಏನು ಸಿಕ್ಕೀತೆಂದು ಬಿಚ್ಚಿ ನೋಡದೆ ಹೇಳುವಂತಿಲ್ಲ.

ಮೊದಲು ಒಂದು ಮುಖ್ಯವಾದ ನಿಷೇಧ. ಚಿತ್ರ ಚೆನ್ನಾಗಿ ಬರಲೆಂದು ನಾಣ್ಯವನ್ನು ತಿಕ್ಕಬಾರದು. ಹಿತ್ತಾಳೆಯ ಹರಿವಾಣಕ್ಕೆ ಹುಣಸೆಹುಳಿ ಒಳ್ಳೆಯದು. ತಾಮ್ರದ ಕಾಸಿಗೆ ಅದು ಶತ್ರು. ಶತಮಾನಗಳಿಂದ ಕುಳಿತ ಕಂದು ಬಣ್ಣದ ತೆಳ್ಳನೆಯ ಪದರವೇ ಆ ಲೋಹದ ರಕ್ಷೆ. ಅದನ್ನು ಹುಳಿಯಿಂದಲೋ ಬೂದಿಯಿಂದಲೋ ಕಿತ್ತರೆ ಕಾಸು ಒಂದು ದಿನ ಕೆಂಪಗೆ ಮಿನುಗಿ, ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತ ಹೆಚ್ಚು ಕಿಲುಬು ಹಿಡಿಯುವುದು. ಸವೆದ ಅಕ್ಷರಗಳ ಅಂಚುಗಳೂ ಅದರೊಡನೆ ಹೋಗುವುವು. ಬೆಳ್ಳಿಯ ರೂಪಾಯಿಯ ಅಕ್ಷರಗಳ ನಡುವೆ ಕುಂಕುಮವು ಗಟ್ಟಿಯಾಗಿ ಕುಳಿತಿದ್ದರೆ ಸ್ವಚ್ಛವಾದ ನೀರಿನಲ್ಲಿ ಕೆಲಹೊತ್ತು ನೆನೆಯಿಸಿ, ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಬಹುದು. ಒತ್ತಬೇಕು, ಉಜ್ಜಬಾರದು. ನಾಣ್ಯವನ್ನು ಹಿಡಿಯುವುದು ಯಾವಾಗಲೂ ಅಂಚಿನಲ್ಲಿ. ಅಡಿಯಲ್ಲಿ ನಾಲ್ಕು ಮಡಿಕೆಯ ಬಟ್ಟೆಯನ್ನು ಹಾಸಿಕೊಂಡರೆ ಕೈಜಾರಿದರೂ ಪೆಟ್ಟಾಗದು.

ಇನ್ನು ಬೆಳಕಿನ ವಿಚಾರ. ಸಮಸ್ತ ವಿದ್ಯೆಯೂ ಇದರಲ್ಲಿಯೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ನಾಣ್ಯವೆಂದರೆ ಒಂದು ಪುಟ್ಟ ಉಬ್ಬುಶಿಲ್ಪ. ಅದರಲ್ಲಿ ಬಣ್ಣದ ವ್ಯತ್ಯಾಸವಿಲ್ಲ. ಇರುವುದೆಲ್ಲ ಏರು ತಗ್ಗು. ಏರಿನ ಒಂದು ಪಕ್ಕ ಬೆಳಗಿ ಇನ್ನೊಂದು ಪಕ್ಕ ನೆರಳಾದರೆ ಮಾತ್ರ ಕಣ್ಣಿಗೆ ಅಕ್ಷರವು ಕಾಣುವುದು. ಮೊಬೈಲಿನ ಸ್ವಂತ ಮಿಂಚುದೀಪವು ನೇರವಾಗಿ ಎದುರಿನಿಂದ ಹೊಡೆಯುವುದರಿಂದ ನೆರಳನ್ನೆಲ್ಲ ನುಂಗಿ, ಲೋಹದ ಹೊಳಪನ್ನು ಮಾತ್ರ ಹಿಂದಿರುಗಿಸುವುದು. ಆದುದರಿಂದ ಆ ದೀಪವನ್ನು ಮೊದಲು ಆರಿಸಿಬಿಡಬೇಕು. ಹತ್ತೊಂಬತ್ತನೆಯ ಶತಮಾನದ ಪಂಡಿತರು ಈ ಹೊಳಪಿಗೆ ಅಂಜಿ ನಾಣ್ಯದ ಅಚ್ಚನ್ನು ಗಾರೆಪುಡಿಯಲ್ಲಿ ಎರಕ ತೆಗೆದು, ಆ ಬಿಳಿಯ ಅಚ್ಚಿನ ಛಾಯಾಚಿತ್ರವನ್ನು ಪುಸ್ತಕಗಳಲ್ಲಿ ಮುದ್ರಿಸುತ್ತಿದ್ದರು. ನಾವೆಲ್ಲರೂ ಬಾಲ್ಯದಲ್ಲಿ ನಾಣ್ಯದ ಮೇಲೆ ತೆಳುಕಾಗದವನ್ನಿಟ್ಟು ಪೆನ್ಸಿಲು ಉಜ್ಜಿದ್ದೂ ಅದೇ ಉಪಾಯದ ಬಡ ತಮ್ಮನೆನ್ನಬಹುದು.

ಹೆಂಚಿನ ಮನೆಯವರು ಈ ವಿಷಯದಲ್ಲಿ ಭಾಗ್ಯವಂತರು. ಚಾವಡಿಯ ಮಾಡಿನಲ್ಲಿ ಒಂದೋ ಎರಡೋ ಗಾಜಿನ ಹೆಂಚುಗಳಿರುವುವು. ಹೊರಗೆ ಬಿಸಿಲಿರುವಾಗ ಅದರ ಮೂಲಕ ಇಳಿಯುವ ಕೋಲುಬೆಳಕು ನಡುಹಗಲಿನಲ್ಲಿ ತೀರ ತೀಕ್ಷ್ಣ. ಅದರ ಕೆಳಗೇ ನಾಣ್ಯವನ್ನಿಟ್ಟರೆ ಪ್ರಯೋಜನವಿಲ್ಲ. ಬೆಳಕು ಬಿದ್ದ ಸ್ಥಳದಿಂದ ಎರಡು ಮೊಳ ಸರಿದು, ಅದು ಓರೆಯಾಗಿ ತಾಗುವಂತೆ ಮಣೆಯನ್ನಿಟ್ಟು ನೋಡಿರಿ. ಗಾಜಿನ ಹೆಂಚಿಲ್ಲದ ಮನೆಯಲ್ಲಿ ಒಂದೇ ಕಿಟಕಿಯನ್ನು ತೆರೆದು ಉಳಿದವನ್ನು ಮುಚ್ಚಬೇಕು. ಕಿಟಕಿಯ ಬೆಳಕನ್ನೂ ಬಲ್ಬಿನ ಬೆಳಕನ್ನೂ ಬೆರೆಸಿದರೆ ಬೆಳ್ಳಿಯು ಒಂದು ಕಡೆ ನೀಲಿ, ಇನ್ನೊಂದು ಕಡೆ ಅರಸಿನವಾಗಿ ಕಾಣುವುದು, ಚಿನ್ನವನ್ನು ಹಿತ್ತಾಳೆಯೆನ್ನುವಂತಾಗುವುದು.

ಬೆಳಕು ಚಿತ್ರದ ಮೇಲ್ಭಾಗದ ಎಡಮೂಲೆಯಿಂದ ಬರುವಂತೆ ನಾಣ್ಯವನ್ನು ತಿರುಗಿಸಿಡುವುದು ರೂಢಿ. ಇದಕ್ಕೆ ಕಾರಣವಿದೆ. ಮೇಲಿನಿಂದ ಬೆಳಕು ಬೀಳುವುದನ್ನೇ ನೋಡಿ ಬೆಳೆದ ನಮ್ಮ ಕಣ್ಣು, ಬೆಳಕು ಕೆಳಗಿನಿಂದ ಬಂದ ಚಿತ್ರದಲ್ಲಿ ಉಬ್ಬನ್ನು ತಗ್ಗೆಂದೂ ತಗ್ಗನ್ನು ಉಬ್ಬೆಂದೂ ಭ್ರಮಿಸುವುದು. ರಾಣಿಯ ಕೆನ್ನೆಯು ಕುಳಿಬಿದ್ದಂತೆ ಕಾಣುವ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ಸಂಗತಿ ತಿಳಿಯುವುದು.

ಸವೆದ ನಾಣ್ಯಕ್ಕೆ ಬೆಳಕು ಬಹಳ ತಗ್ಗಿನಿಂದ, ನೆಲವನ್ನು ಸವರಿಕೊಂಡು ಹೋಗುವಂತೆ ಬರಬೇಕು. ಸಂಜೆಯ ಬಿಸಿಲಿನಲ್ಲಿ ಗದ್ದೆಯ ಸಣ್ಣ ಉಂಡೆಮಣ್ಣಿಗೂ ಮಾರುದ್ದದ ನೆರಳು ಬೀಳುವುದಲ್ಲವೆ? ಹಾಗೆಯೇ ಕಣ್ಣಿಗೆ ನುಣ್ಣಗೆ ತೋರುವ ತಾಮ್ರದ ಕಾಸಿನಲ್ಲಿಯೂ ಅಕ್ಷರದ ಕಾಲು, ಆನೆಯ ಸೊಂಡಿಲು ತಾವಾಗಿ ಎದ್ದು ನಿಲ್ಲುವುವು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿರುವ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳನ್ನು ಓದಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಾಣೆವು. ಹೊಳಪಿರುವ ಬೆಳ್ಳಿಗೆ ಇದರ ವಿರುದ್ಧ ಚಿಕಿತ್ಸೆ: ಕಿಟಕಿಗೆ ತೆಳ್ಳನೆಯ ಬಿಳಿ ಪಂಚೆಯನ್ನೋ ಎಣ್ಣೆಕಾಗದವನ್ನೋ ಅಡ್ಡಕಟ್ಟಿ ಬೆಳಕನ್ನು ಮೃದುಗೊಳಿಸಬೇಕು. ನೆರಳಿನ ಕಡೆಯಲ್ಲಿ ಬಿಳಿಯ ರಟ್ಟೊಂದನ್ನು ನಿಲ್ಲಿಸಿದರೆ ಸ್ವಲ್ಪ ಬೆಳಕು ಹಿಂದಿರುಗಿ ಬಂದು ಕಪ್ಪು ಭಾಗವನ್ನು ತುಂಬುವುದು.

ಕನ್ನಡಿಯಂತೆ ಹೊಳೆಯುವ ಹೊಸ ನಾಣ್ಯಕ್ಕೆ ಮಾತ್ರ ಇದೂ ಸಾಲದು. ಅದಕ್ಕೊಂದು ಗಾಜಿನ ತಂತ್ರವಿದೆ. ಹಳೆಯ ಪಟದ ಚೌಕಟ್ಟಿನಿಂದ ತೆಗೆದ ಸ್ವಚ್ಛ ಗಾಜನ್ನು ನಾಣ್ಯಕ್ಕೂ ಮೊಬೈಲಿಗೂ ನಡುವೆ ಅರ್ಧ ಲಂಬಕೋನದಷ್ಟು, ಎಂದರೆ 45 ಅಂಶ ಓರೆಯಾಗಿ ನಿಲ್ಲಿಸಿ, ಗಾಜಿನ ಕೆಳಮೈ ನೋಡುತ್ತಿರುವ ಪಕ್ಕದಿಂದ ದೀಪವನ್ನು ಹಿಡಿಯಬೇಕು. ಬೆಳಕು ಗಾಜಿಗೆ ಬಡಿದು ಕೆಳಗಿಳಿದು ನಾಣ್ಯವನ್ನು ನೇರವಾಗಿ ಬೆಳಗುವುದು. ನಾಣ್ಯದ ಬಿಂಬವು ಗಾಜಿನ ಮೂಲಕ ಮೇಲಕ್ಕೆ ಬರುವುದು. ದೀಪದ ಬೆಳಕು ನಾಣ್ಯಕ್ಕೆ ನೇರವಾಗಿ ತಗಲದಂತೆ ನಡುವೆ ಒಂದು ತಗ್ಗಾದ ರಟ್ಟನ್ನೂ, ಎದುರು ಪಕ್ಕದಲ್ಲಿ ಗಾಜಿನ ಮೇಲೆ ಗೋಡೆಯ ಪ್ರತಿಬಿಂಬ ಬೀಳದಂತೆ ಒಂದು ಕಪ್ಪು ಬಟ್ಟೆಯನ್ನೂ ಇಡಲು ಮರೆಯಬಾರದು. ಮೊದಲ ಸಲ ಅರ್ಧ ಗಂಟೆ ಹಿಡಿಯುವ ಕೆಲಸವಿದು. ಮನೆಯಲ್ಲಿ ಅಂತಹ ನಾಣ್ಯ ಇಲ್ಲದವರು ಈ ಮಾತನ್ನು ಬಿಟ್ಟು ಮುಂದೆ ಓದಬಹುದು.

ಮೊಬೈಲನ್ನು ಕೈಯಲ್ಲಿ ಹಿಡಿದು ಚಿತ್ರ ತೆಗೆಯಬಾರದು. ಎಷ್ಟೇ ಗಟ್ಟಿಯಾದ ಕೈಯೂ ಇಷ್ಟು ಸಮೀಪದಲ್ಲಿ ನಡುಗುವುದು. ಸಮಾನ ಎತ್ತರದ ಎರಡು ಪುಸ್ತಕದ ರಾಶಿಗಳೋ, ಜೋಡಿ ಸೇರುಗಳೋ ಇದ್ದರೆ ಅವುಗಳ ಮೇಲೆ ಅಡ್ಡವಾಗಿ ಮೊಬೈಲನ್ನು ಮಲಗಿಸಿರಿ. ನಾಣ್ಯವು ನಡುವಿನ ಸಂದಿಯ ಕೆಳಗೆ ಇರಲಿ. ಮೊಬೈಲು ನೆಲಕ್ಕೆ ಸಮಾಂತರವಾಗಿರಬೇಕು. ಇಲ್ಲವಾದರೆ ದುಂಡನೆಯ ರೂಪಾಯಿಯು ಮೊಟ್ಟೆಯಾಕಾರ ತಾಳುವುದು. ದೂರವು ಒಂದು ಗೇಣಿಗೆ ಕಡಿಮೆಯಾಗದಿರಲಿ. ಹೆಚ್ಚು ಹತ್ತಿರಕ್ಕೆ ಹೋದಷ್ಟೂ ಮೊಬೈಲಿನ ನೆರಳು ಬೀಳುವುದಲ್ಲದೆ, ಅಗಲ ನೋಟದ ಮಸೂರವು ನಾಣ್ಯದ ನಡುಭಾಗವನ್ನು ಊದಿಸಿ ತೋರಿಸುವುದು. ದೂರದಿಂದಲೇ ಎರಡರಷ್ಟು ಹಿಗ್ಗಿಸಿ ತೆಗೆದು, ಬೇಡದ ಅಂಚನ್ನು ಆಮೇಲೆ ಕತ್ತರಿಸಬಹುದು. ತೆರೆಯ ಮೇಲೆ ನಾಣ್ಯವಿರುವ ಸ್ಥಳವನ್ನು ಬೆರಳಿನಿಂದ ಒತ್ತಿಹಿಡಿದರೆ ದೃಷ್ಟಿಯು ಅಲ್ಲಿಯೇ ನೆಲೆಗೊಳ್ಳುವುದು. ಅನಂತರ ಬೆಳಕಿನ ಗುರುತನ್ನು ಸ್ವಲ್ಪ ಕೆಳಕ್ಕೆ ಎಳೆಯಬೇಕು. ಗುಂಡಿಯನ್ನೊತ್ತುವಾಗಿನ ಅದುರನ್ನು ತಪ್ಪಿಸಲು ಮೂರು ಸೆಕೆಂಡುಗಳ ವಿಳಂಬವನ್ನಿಟ್ಟರೆ ಆಯಿತು.

ಹಿನ್ನೆಲೆಗೆ ಬೂದುಬಣ್ಣದ ಕಾಗದವು ಲೇಸು. ಅಚ್ಚ ಬಿಳಿಯ ಮೇಲೆ ತಾಮ್ರವು ಇದ್ದಿಲಾಗುವುದು; ಅಚ್ಚ ಕಪ್ಪಿನ ಮೇಲೆ ಬೆಳ್ಳಿಯು ಸುಣ್ಣವಾಗುವುದು. ನಾಣ್ಯದ ಬುಡದಲ್ಲಿ ಬೀಳುವ ಕರಿನೆರಳು ಬೇಡವೆಂದಾದರೆ ಗಾಜಿನ ಹಲಗೆಯನ್ನು ಎರಡು ಪಾವುಗಳ ಮೇಲೆ ಎತ್ತಿಟ್ಟು, ನಾಣ್ಯವನ್ನು ಗಾಜಿನ ಮೇಲೂ ಕಾಗದವನ್ನು ಗಾಜಿನ ಕೆಳಗೂ ಇಟ್ಟರೆ ನೆರಳು ಪಕ್ಕಕ್ಕೆ ಬಹುದೂರ ಸರಿದುಹೋಗುವುದು.

ಎರಡೂ ಮುಖಗಳ ಚಿತ್ರವಿರಬೇಕೆಂದು ನಾವು ಒತ್ತಿ ಹೇಳುವುದಕ್ಕೆ ನಮ್ಮ ನೆರೆಯ ಮನೆಯ ಸಂಗತಿಯೇ ಸಾಕ್ಷಿ. ಅಲ್ಲಿ ಮೂವರು ಒಡಹುಟ್ಟಿದವರಲ್ಲಿ ಪಾಲಾಗುವಾಗ, ಅರ್ಧ ಅಂಗುಲ ಅಗಲದ ಒಂದು ಚಿನ್ನದ ಬಿಲ್ಲೆಯನ್ನು ಕರಗಿಸಿ ಮೂರು ಭಾಗ ಮಾಡುವುದೆಂದು ತೀರ್ಮಾನವಾಗಿತ್ತು. ಹಿರಿಯ ಮಗಳು ಮಾತ್ರ ‘ಅಮ್ಮ ಕೊರಳಲ್ಲಿ ಕಟ್ಟಿಕೊಂಡಿದ್ದುದು, ಏನೆಂದಾದರೂ ತಿಳಿಯಲಿ’ ಎಂದು ಅದರ ಚಿತ್ರವನ್ನು ತೆಗೆದು ಬಲ್ಲವರೊಬ್ಬರಿಗೆ ಕಳುಹಿಸಿದಳು. ಚಿತ್ರದಲ್ಲಿದ್ದುದು ಶಿವಪಾರ್ವತಿಯರು ಜೊತೆಯಾಗಿ ಕುಳಿತ ಮುಖವೊಂದೇ. ಬಲ್ಲವರು ಏನು ಹೇಳಿಯಾರು? ವಿಜಯನಗರದ ಹರಿಹರನ ವರಹದಲ್ಲಿಯೂ ಉಮಾಮಹೇಶ್ವರರಿರುವರು. ಕೆಳದಿಯ ಸದಾಶಿವನಾಯಕನ ವರಹದಲ್ಲಿಯೂ ಇರುವರು. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರಾಲಿಯು ಹೊಡೆಯಿಸಿದ ಬಹಾದ್ದೂರಿ ವರಹದಲ್ಲಿಯೂ ಅವರೇ ಇರುವರು. ಆ ಮುಸಲ್ಮಾನ ದೊರೆಯು ಜನರಿಗೆ ರೂಢಿಯಾಗಿದ್ದ ದೇವರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಚುಕ್ಕೆಗಳ ನಡುವೆ ಇರಿಸಿದನು. ಮೂರರ ತೂಕವೂ ಹೆಚ್ಚುಕಡಿಮೆ ಒಂದೇ, ಸುಮಾರು 3.4 ಗ್ರಾಂ. ಹೀಗಿರುವಾಗ ಯಾರದೆಂದು ನಿರ್ಣಯವಾಗುವುದು ಬೆನ್ನಿನಿಂದಲೇ.

ಆ ಬೆನ್ನೋ ಎರಡು ತಲೆಮಾರುಗಳ ಕೊರಳಿನ ಬೆವರಿಗೆ ಸವೆದು ಬೋಳಾಗಿತ್ತು. ಮರುದಿನ ಬೆಳಗ್ಗೆ ಎಂಟು ಗಂಟೆಯ ವೇಳೆಗೆ ಪೂರ್ವದ ಕಿಟಕಿಯ ಒಂದು ಬಾಗಿಲನ್ನು ಮಾತ್ರ ತೆರೆದು, ಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎಂಟು ದಿಕ್ಕುಗಳಲ್ಲಿ ಎಂಟು ಚಿತ್ರಗಳನ್ನು ತೆಗೆಯಲಾಯಿತು. ಆರರಲ್ಲಿ ಏನೂ ಇಲ್ಲ. ಏಳನೆಯದರಲ್ಲಿ ರಾಗಿಕಾಳಿನಂತಹ ಚುಕ್ಕೆಗಳೂ, ಎಂಟನೆಯದರಲ್ಲಿ ಅವುಗಳ ನಡುವೆ ಬಾಗಿದ ಒಂದು ಗೆರೆಯೂ ತೋರಿದುವು. ಹೈದರನದೆಂದು ಉತ್ತರ ಬಂತು. ಮೂಸೆಗೆ ಹೋಗುವುದು ಸದ್ಯಕ್ಕೆ ನಿಂತಿದೆ. ಮೂವರಲ್ಲಿ ಯಾರ ಮನೆಯಲ್ಲಿರಬೇಕೆಂಬ ವಾದವು ಇನ್ನೂ ಮುಗಿದಿಲ್ಲ. ಚಿತ್ರವಂತೂ ಮೂವರಲ್ಲಿಯೂ ಇದೆ.

ಆದುದರಿಂದ ಒಂದು ಮುಖಕ್ಕೆ ಒಂದೇ ಚಿತ್ರವೆಂದು ಜಿಪುಣತನ ಮಾಡಬಾರದು. ಬೆಳಕನ್ನು ಕದಲಿಸದೆ ನಾಣ್ಯವನ್ನು ತಿರುಗಿಸುತ್ತ ಹೋಗಿರಿ. ಕೆಲವು ವಿವರಗಳು ಎಷ್ಟು ಸೂಕ್ಷ್ಮವೆಂಬುದಕ್ಕೆ ನಮ್ಮ ಬೆಳ್ಳಿ ರೂಪಾಯಿಗಳೇ ಉದಾಹರಣೆ. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಅವನ ಎದೆಯ ಸರದಲ್ಲಿದ್ದ ಆನೆಯ ಸೊಂಡಿಲು ಮೋಟಾಗಿ ಹಂದಿಯಂತೆ ಕಂಡಿತೆಂದು ಜನರು ಆಕ್ಷೇಪಿಸಿದರು. ಸರಕಾರದವರು ಅದನ್ನು ಹಿಂತೆಗೆದು 1912ರಿಂದ ಆನೆಯನ್ನು ತಿದ್ದಿ ಕೆತ್ತಿಸಿದರು. ಆ ಆನೆಯು ಒಂದು ಸಾಸಿವೆಯಷ್ಟಿದೆ. ಅದೇ ದೊರೆಯ ರೂಪಾಯಿಯು ಬೊಂಬಾಯಿಯ ಟಂಕಸಾಲೆಯದಾದರೆ ಹಿಂಬದಿಯ ಕೆಳಗಿನ ಹೂವಿನಡಿಯಲ್ಲಿ ಒಂದು ಉಬ್ಬುಚುಕ್ಕೆಯಿರುವುದು, ಕಲ್ಕತ್ತೆಯದಕ್ಕೆ ಅದಿಲ್ಲ. ನೀವು ತೆಗೆದ ಚಿತ್ರವನ್ನು ಹಿಗ್ಗಿಸಿದಾಗ ಆ ಆನೆಯೂ ಆ ಚುಕ್ಕೆಯೂ ಸ್ಪಷ್ಟವಾಗಿದ್ದರೆ ಚಿತ್ರವು ಉತ್ತೀರ್ಣವಾಯಿತೆಂದು ತಿಳಿಯಿರಿ. ವಿಕ್ಟೋರಿಯಾ ರಾಣಿಯ ರೂಪಾಯಿಗಳಲ್ಲಿ 1877ರಿಂದ ‘ರಾಣಿ’ ಎಂಬುದರ ಬದಲು ‘ಸಾಮ್ರಾಜ್ಞಿ’ ಎಂಬರ್ಥದ ಇಂಗ್ಲಿಷ್ ಪದವಿರುವುದನ್ನೂ ಮಕ್ಕಳಿಗೆ ತೋರಿಸಬಹುದು. ಹಳೆಯ ಕಾಲದ ಚಿನ್ನದ ಹಣವೆಂಬುದು ಹೆಸರುಬೇಳೆಯಷ್ಟೇ ದೊಡ್ಡದು, ತೂಕ ಒಂದು ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು. ಅದಕ್ಕೆ ಗಡಿಯಾರ ರಿಪೇರಿಯವರ ಭೂತಗನ್ನಡಿಯನ್ನು ಮೊಬೈಲಿನ ಮಸೂರದ ಮುಂದೆ ಹಿಡಿಯದೆ ಗತಿಯಿಲ್ಲ.

ಅಂಚಿನ ಚಿತ್ರವನ್ನು ಜನರು ತೆಗೆಯುವುದೇ ಇಲ್ಲ. ಎರಕ ಹೊಯ್ದ ನಕಲಿಗೆ ಅಂಚಿನ ಸುತ್ತಲೂ ಎರಡು ಅಚ್ಚುಗಳು ಕೂಡಿದ ಗೆರೆಯಿರುವುದುಂಟು. ಮೈಮೇಲೆ ಸೂಜಿಮೊನೆಯಂತಹ ಗುಳ್ಳೆಗಳಿರುವುದುಂಟು. ನಾಣ್ಯದ ಪಕ್ಕದಲ್ಲಿ, ಅದರ ಮೇಲ್ಮೈಯ ಮಟ್ಟಕ್ಕೆ ಸರಿಯಾಗಿ ಒಂದು ಅಳತೆಪಟ್ಟಿಯನ್ನಿಟ್ಟು ಇನ್ನೊಂದು ಚಿತ್ರವನ್ನು ತೆಗೆಯಬೇಕು. ತೂಕವನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ನೋಡಿ ಬರೆದಿಡಬೇಕು. 1940ಕ್ಕೆ ಹಿಂದಿನ ಬೆಳ್ಳಿ ರೂಪಾಯಿಯು ಹೊಸದಾಗಿದ್ದಾಗ 11.66 ಗ್ರಾಂ ತೂಗುತ್ತಿತ್ತು. ಸವೆದುದು ಅದಕ್ಕಿಂತ ಸ್ವಲ್ಪ ಕಡಿಮೆ ತೂಗೀತು, ಎರಡು ಗ್ರಾಂ ಕಡಿಮೆಯಾದರೆ ಸಂಶಯಪಡಬೇಕು. ಇದರೊಡನೆ, ಈ ನಾಣ್ಯವು ಮನೆಗೆ ಹೇಗೆ ಬಂತೆಂದು ಹಿರಿಯರು ಹೇಳುವ ಒಂದು ಮಾತು. ಮೊಬೈಲಿಗೆ ತಿಳಿಯದ ಸಂಗತಿ ಇದೊಂದೇ.

ಹನುಮಂತನ ಚಿತ್ರವೂ, ‘ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818’ ಎಂಬ ಬರಹವೂ ಇರುವ ತಾಮ್ರದ ಬಿಲ್ಲೆಗಳನ್ನು ಹಲವರು ಜೋಪಾನವಾಗಿಟ್ಟಿರುವರು. ಅವು ಕುಂಪಣಿಯವರು ಹೊಡೆಯಿಸಿದ ನಾಣ್ಯಗಳಲ್ಲ. ಕ್ಷೇತ್ರಗಳ ಬೀದಿಗಳಲ್ಲಿ ಮಾರಿದ ಪೂಜೆಯ ಬಿಲ್ಲೆಗಳು. ದೇವರ ಮುಂದೆ ಇಡಲು ಅಡ್ಡಿಯಿಲ್ಲ, ಲಕ್ಷ ರೂಪಾಯಿಯ ಕನಸು ಕಾಣಬಾರದು. ಈ ಕನಸನ್ನು ಮಾರುವ ವಂಚಕರು ಈಗ ಹೆಚ್ಚಿರುವರು. ಚಿತ್ರವನ್ನು ಕಳುಹಿಸಿರಿ, ಬೆಲೆ ಕೊಡುವೆವು ಎನ್ನುವರು. ಆಮೇಲೆ ತೆರಿಗೆ, ಶುಲ್ಕ ಎಂದು ಇವರಿಂದಲೇ ಹಣವನ್ನು ಕೀಳುವರು. ತನ್ನ ಹೆಸರನ್ನು ಹೇಳಿಕೊಂಡು ಇಂತಹ ಮೋಸ ನಡೆಯುತ್ತಿದೆಯೆಂದೂ, ಹಳೆಯ ನಾಣ್ಯಗಳ ವ್ಯವಹಾರಕ್ಕೆ ತಾನು ಯಾರನ್ನೂ ನೇಮಿಸಿಲ್ಲವೆಂದೂ ರಿಸರ್ವ್ ಬ್ಯಾಂಕು 2021ರಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಚಿತ್ರವನ್ನು ಬಲ್ಲವರಿಗೆ ಮಾತ್ರ ಕಳುಹಿಸಿರಿ. ಕಳುಹಿಸುವಾಗ ವಾಟ್ಸಾಪಿನಲ್ಲಿ ಚಿತ್ರವಾಗಿ ಹಾಕಿದರೆ ಅದು ಕುಗ್ಗಿ ಅಕ್ಷರಗಳು ಮಸಕಾಗುವುವು; ದಾಖಲೆಯ ರೂಪದಲ್ಲಿ ಹಾಕಿದರೆ ಮೂಲವು ಹಾಗೆಯೇ ತಲಪುವುದು. ಆದರೆ ಮೂಲದೊಳಗೆ ಚಿತ್ರ ತೆಗೆದ ಸ್ಥಳದ ಗುರುತನ್ನೂ ಮೊಬೈಲು ಗುಟ್ಟಾಗಿ ಬರೆದಿಟ್ಟಿರಬಹುದು. ಪೆಟ್ಟಿಗೆಯಲ್ಲಿ ಚಿನ್ನವಿರುವ ಮನೆ ಯಾವುದೆಂದು ಲೋಕಕ್ಕೆ ಸಾರುವುದು ಬೇಡವಾದ್ದರಿಂದ, ಕೆಲಸಕ್ಕೆ ಮೊದಲೇ ಆ ಏರ್ಪಾಟನ್ನು ಮುಚ್ಚಿಬಿಡುವುದು ಕ್ಷೇಮ.

ತೋಟ ಅಗೆಯುವಾಗ ದೊರೆತ ನಾಣ್ಯಗಳ ಮಾತು ಬೇರೆ. ಅವು ಸಿಕ್ಕಿದವರ ಸೊತ್ತೆಂದು ತಿಳಿಯಬಾರದು. 1962ರಲ್ಲಿ ಆದ ನಿಧಿಯ ಕಾನೂನಿನಂತೆ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ಅಂತಹ ಸಂದರ್ಭದಲ್ಲಿ ಮೇಲೆತ್ತುವುದಕ್ಕೆ ಮೊದಲೇ, ಮಣ್ಣಿನಲ್ಲಿದ್ದ ಹಾಗೆಯೇ, ಮಡಕೆಯ ಚೂರುಗಳ ಸಹಿತವಾಗಿ ಚಿತ್ರ ತೆಗೆದರೆ ಇತಿಹಾಸಕ್ಕೆ ದೊಡ್ಡ ಉಪಕಾರ. ನೂರು ವರ್ಷ ಮೀರಿದ ನಾಣ್ಯವನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವುದಕ್ಕೂ 1972ರ ಪುರಾವಸ್ತು ಕಾನೂನು ಅಡ್ಡಬರುವುದು. ಚಿತ್ರಕ್ಕೆ ಆ ಅಡ್ಡಿಯಿಲ್ಲ.

ಒಳ್ಳೆಯ ನಾಣ್ಯಗಳನ್ನು ಕಂಡು ಕಣ್ಣನ್ನು ಪಳಗಿಸಿಕೊಳ್ಳಬಯಸುವವರಿಗೆ ಉಡುಪಿಯ ಸಂಗ್ರಹವು ನೆನಪಿಗೆ ಬರುವುದು. 1906ರಲ್ಲಿ ಅಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಅದಕ್ಕೆ ಮುಂಚೆ ತನ್ನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರು ಬಾಳಿದ ಮನೆಯಲ್ಲಿಯೇ ನಾಣ್ಯಗಳ ಸಂಗ್ರಹಾಲಯವನ್ನು ಏರ್ಪಡಿಸಿತ್ತು. ಪುಸ್ತಕ ಬೇಕೆನ್ನುವವರು ಎ. ವಿ. ನರಸಿಂಹಮೂರ್ತಿಯವರು 1975ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕರ್ನಾಟಕದ ನಾಣ್ಯಗಳ ಗ್ರಂಥವನ್ನು ನೋಡಬಹುದು.

ಈ ಕೆಲಸಕ್ಕೆ ಬೇಸಗೆಯೇ ಬೇಕೆಂದಿಲ್ಲ. ಸವೆದ ತಾಮ್ರಕ್ಕೆ ಮಾಗಿಯ ಬೆಳಗಿನ ಓರೆಬಿಸಿಲು ಒಳ್ಳೆಯದಾದರೆ, ಹೊಳೆಯುವ ಬೆಳ್ಳಿಗೆ ಆಸಾಡಿಯ ಮೋಡದ ಬೆಳಕಿಗಿಂತ ಉತ್ತಮವಾದುದಿಲ್ಲ. ಪಂಚೆಯನ್ನು ಅಡ್ಡಕಟ್ಟುವ ಶ್ರಮವನ್ನು ಆಕಾಶವೇ ತಪ್ಪಿಸುವುದು. ಆ ದಿನಗಳಲ್ಲಿ ಗಾಳಿಯೇ ಹಸಿಯಾಗಿರುವುದರಿಂದ, ನಾಣ್ಯಗಳನ್ನು ಮರಳಿ ಕಟ್ಟುವ ಮುನ್ನ ಒಣಬಟ್ಟೆಯಿಂದ ಒತ್ತಿ, ಒಂದೊಂದನ್ನೂ ಬೇರೆ ಬೇರೆ ಹತ್ತಿಬಟ್ಟೆಯಲ್ಲಿ ಸುತ್ತಿರಿ. ಮೆತ್ತನೆಯ ಪ್ಲಾಸ್ಟಿಕ್ಕಿನ ಲಕೋಟೆಯೂ ರಬ್ಬರಿನ ಸುತ್ತೂ ಬೇಡ. ಒಂದು ತಾಮ್ರವನ್ನು ಹಸುರಾಗಿಸುವುದು, ಇನ್ನೊಂದು ಬೆಳ್ಳಿಯನ್ನು ಕಪ್ಪಾಗಿಸುವುದು.